ಬ್ರೂಜ್ ಬಿಡಿ, ಆ ದಿನ ಪೂರ್ತಿ ಗೆಂಟ್‌ಗೆ ಕೊಡಿ

ಹಾಸನದಿಂದ ಪತ್ರ ಬರೆದ ಓದುಗರೇ, ನಮಸ್ಕಾರ.

ನಿಮ್ಮ ಪ್ರಶ್ನೆ ಇಷ್ಟು. ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿರುವ ಮಗಳ ಮನೆಗೆ ಹೊರಟಿದ್ದೀರಿ, ಹೊರಗೆ ಸುತ್ತಲು ಸಿಗುವುದು ಒಂದೇ ದಿನ. ಬೆಳಗ್ಗೆ ಬ್ರೂಜ್, ಮಧ್ಯಾಹ್ನ ಗೆಂಟ್ ಅಂತ ಅಳಿಯಂದಿರು ಪ್ಲಾನ್ ಹಾಕಿದ್ದಾರೆ. ಯಜಮಾನರಿಗೆ ಮಂಡಿ ನೋವು. ಇಬ್ಬರೂ ಸಸ್ಯಾಹಾರಿಗಳು. ಇದೆಲ್ಲ ಆಗುವ ಮಾತಾ ಅಂತ ಕೇಳಿದ್ದೀರಿ.

ಆಗುತ್ತದೆ. ಎರಡೂ ಊರಿನ ನಡುವೆ ರೈಲಿನಲ್ಲಿ ಅರ್ಧ ಗಂಟೆಯ ದಾರಿ. ಆದರೂ ಬೇಡ. ಎರಡು ಸ್ಟೇಷನ್ ನೋಡಿ, ನಾಲ್ಕು ಫೋಟೊ ತೆಗೆದುಕೊಂಡು ಸುಸ್ತಾಗಿ ಬರುತ್ತೀರಿ ಅಷ್ಟೆ. ಒಂದನ್ನೇ ಆರಿಸಿ. ನನ್ನ ಮತ ಗೆಂಟ್‌ಗೆ. ಅಳಿಯಂದಿರು ಒಪ್ಪದಿದ್ದರೆ ಈ ಪುಟ ತೋರಿಸಿ.

ಬ್ರೂಜ್ ಚೆಂದವಿಲ್ಲ ಅಂತಲ್ಲ, ಅದು ಚೆಂದ ಜಾಸ್ತಿಯಾದ ಊರು. ಸಮುದ್ರದ ದಾರಿಯಲ್ಲಿ ಹೂಳು ತುಂಬಿ, ವ್ಯಾಪಾರ ಆಂಟ್ವರ್ಪ್ ಕಡೆ ಹೋದ ಮೇಲೆ ಅದು ಬಡವಾಯಿತು. ಹಳೇ ಮನೆ ಕೆಡವಿ ಹೊಸದು ಕಟ್ಟಲು ದುಡ್ಡಿಲ್ಲದೆ ಹಳೆಯದೆಲ್ಲ ಉಳಿದುಕೊಂಡಿತು. ಈಗ ಪ್ರವಾಸಿಗಳೇ ಅದರ ಬದುಕು. ಗೆಂಟ್ ಹಾಗಲ್ಲ. ಮೊದಲು ಉಣ್ಣೆ ಬಟ್ಟೆ ನೇಯ್ದು ದುಡ್ಡು ಮಾಡಿತು. ಅದು ಇಳಿದ ಮೇಲೆ, 1800ರ ಸುಮಾರಿಗೆ ಲೀವನ್ ಬೌವೆನ್ಸ್ ಅನ್ನುವ ಆಸಾಮಿ ಇಂಗ್ಲೆಂಡಿನಿಂದ ನೂಲುವ ಯಂತ್ರವನ್ನು ಬಿಡಿಬಿಡಿ ಮಾಡಿ ಕದ್ದು ತಂದ, ಊರು ಹತ್ತಿ ಗಿರಣಿಗಳಿಂದ ಮತ್ತೆ ಎದ್ದಿತು. ಈಗ ಯೂನಿವರ್ಸಿಟಿ ಹುಡುಗರು ತುಂಬಿದ್ದಾರೆ. "ಬರೀ ಸ್ಟೂಡೆಂಟ್‌ಗಳ ಊರು" ಅಂದರಂತೆ ಅಳಿಯಂದಿರು. ನನಗೆ ಆ ಊರು ಇಷ್ಟವಾಗಿದ್ದೇ ಅದಕ್ಕೆ.

ಜೊತೆಗೆ ಅದು ಜಗಳಗಂಟ ಊರು. ಐದನೇ ಚಾರ್ಲ್ಸ್ ಚಕ್ರವರ್ತಿ 1500ರಲ್ಲಿ ಹುಟ್ಟಿದ್ದು ಅಲ್ಲೇ. ಅವನು ಯುದ್ಧಕ್ಕೆ ತೆರಿಗೆ ಕೇಳಿದಾಗ ಕೊಡಲ್ಲ ಅಂತ 1539ರಲ್ಲಿ ತಿರುಗಿಬಿದ್ದವರೂ ಹುಟ್ಟೂರಿನವರೇ. ಮರುವರ್ಷ ಸೈನ್ಯ ತಂದು, ಊರಿನ ಜನರನ್ನು ಬರಿಗಾಲಲ್ಲಿ, ಕೆಲವರ ಕೊರಳಿಗೆ ನೇಣಿನ ಹಗ್ಗ ಹಾಕಿಸಿ ನಡೆಸಿ, ಕ್ಷಮೆ ಕೇಳಿಸಿದ. ಬೇರೆಯವರಾಗಿದ್ದರೆ ಈ ಅವಮಾನ ಮುಚ್ಚಿಡುತ್ತಿದ್ದರು, ಅಲ್ವಾ? ಗೆಂಟ್‌ನವರು ಇವತ್ತಿಗೂ ತಾವು ಉರುಳು ಹೊತ್ತವರು ಅಂತ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ, ಜುಲೈ ಹಬ್ಬದಲ್ಲಿ ಕೊರಳಿಗೆ ಹಗ್ಗ ಹಾಕಿಕೊಂಡೇ ಮೆರವಣಿಗೆ ಹೊರಡುತ್ತಾರೆ. 1949ರಲ್ಲಂತೂ ಬಿಯರ್ ಬೆಲೆ ಏರಿತು ಅಂತ ವಿದ್ಯಾರ್ಥಿಗಳು ಗ್ರಾವೆನ್‌ಸ್ಟೇನ್ ಕೋಟೆಗೇ ನುಗ್ಗಿ ಬಾಗಿಲು ಹಾಕಿಕೊಂಡರು! ಆ ಕೋಟೆ 1180ರದ್ದು. ಒಳಗೆ ಮೆಟ್ಟಿಲೋ ಮೆಟ್ಟಿಲು. ಯಜಮಾನರಿಗೆ ಹೊರಗಿಂದಲೇ ಸಾಕು.

ಮಂಡಿಯ ಶಕ್ತಿಯನ್ನು ಸಿಂಟ್ ಬಾವೊ ಕ್ಯಾಥೆಡ್ರಲ್‌ಗೆ ಉಳಿಸಿಕೊಳ್ಳಿ. ಹ್ಯೂಬರ್ಟ್ ಮತ್ತು ಯಾನ್ ವಾನ್ ಐಕ್ ಅಣ್ಣತಮ್ಮಂದಿರು ಬರೆದ, 1432ರಲ್ಲಿ ಮುಗಿದ ಚಿತ್ರ ಅಲ್ಲಿದೆ. ಬಾಗಿಲಿನ ಹಾಗೆ ತೆರೆದು ಮುಚ್ಚುವ ಮರದ ಹಲಗೆಗಳ ಮೇಲೆ ಎಣ್ಣೆ ಬಣ್ಣ. ನಡುವೆ ಯೇಸುವಿನ ಗುರುತಾಗಿ ಒಂದು ಕುರಿಮರಿ. ಎದೆಯಿಂದ ರಕ್ತ ಬಟ್ಟಲಿಗೆ ಚಿಮ್ಮುತ್ತಿದ್ದರೂ ನೆಟ್ಟಗೆ ನಿಂತು ನಮ್ಮನ್ನೇ ನೋಡುತ್ತದೆ. ಆಮೇಲೆ ಯಾರೋ ಬಳಿದ ಬಣ್ಣದ ಕೆಳಗೆ ಈ ಮುಖ ನೂರಾರು ವರ್ಷ ಮುಚ್ಚಿಹೋಗಿತ್ತು. ಈಚೆಗೆ ಆ ಬಣ್ಣ ತೆಗೆದಾಗ, ಮನುಷ್ಯರ ಮುಖದಂತಿದೆ ಅಂತ 2020ರಲ್ಲಿ ಜಗತ್ತೆಲ್ಲ ಮೊಬೈಲಿನಲ್ಲಿ ನಕ್ಕಿದ್ದೇ ನಕ್ಕಿದ್ದು. ನನಗೆ ನಗು ಬರಲಿಲ್ಲ, ಸ್ವಲ್ಪ ಭಯವಾಯಿತು.

ಈ ಚಿತ್ರ ತಿರುಗಿದಷ್ಟು ನಾವ್ಯಾರೂ ತಿರುಗಿಲ್ಲ. 1794ರಲ್ಲಿ ಫ್ರೆಂಚ್ ಸೈನ್ಯ ನಡುವಿನ ಹಲಗೆಗಳನ್ನು ಪ್ಯಾರಿಸ್‌ಗೆ ಹೊತ್ತೊಯ್ದಿತು. ಎರಡನೇ ಮಹಾಯುದ್ಧದಲ್ಲಿ ನಾಜಿಗಳು ಎತ್ತಿಕೊಂಡು ಹೋಗಿ ಆಸ್ಟ್ರಿಯಾದ ಉಪ್ಪಿನ ಗಣಿಯಲ್ಲಿಟ್ಟರು. 1945ರಲ್ಲಿ ಸಿಕ್ಕಿತು. ಕೆಳಸಾಲಿನ ಎಡತುದಿಯ ಹಲಗೆ ಮಾತ್ರ 1934ರ ಏಪ್ರಿಲ್‌ನ ಒಂದು ರಾತ್ರಿ ಕಳುವಾಗಿದ್ದು ಇನ್ನೂ ಸಿಕ್ಕಿಲ್ಲ. ನೀವು ಅಲ್ಲಿ ನೋಡುವುದು ನಕಲು. ಟಿಕೆಟ್ ಮೊದಲೇ ಬುಕ್ ಮಾಡಿ. ಭಾನುವಾರ ಬೇಡ, ಬೆಳಗ್ಗೆ ಪ್ರಾರ್ಥನೆ ಇರುತ್ತದೆ.

ಅಲ್ಲಿಂದ ಬೆಲ್‌ಫ್ರಿ ಅನ್ನುವ ಗಂಟೆ ಗೋಪುರ ಹತ್ತಿರವೇ. ಎತ್ತರ 91 ಮೀಟರ್. ಲಿಫ್ಟ್ ಇದೆ, ಆದರೆ ಅದನ್ನು ಮುಟ್ಟಲು ಒಂದಷ್ಟು ಮೆಟ್ಟಿಲು ಹತ್ತಬೇಕು. ಕಷ್ಟ ಅನ್ನಿಸಿದರೆ ಬಿಡಿ. ಗ್ರಾಸ್‌ಲೇ ದಂಡೆಯಿಂದ ದೋಣಿ ಹತ್ತಿ, ಹಳೇ ವ್ಯಾಪಾರಿಗಳ ಮನೆಗಳನ್ನು ಕೂತೇ ನೋಡಬಹುದು. ಊರ ನಡುವೆ ಕಾರುಗಳ ಕಾಟ ಇಲ್ಲವೇ ಇಲ್ಲ ಅನ್ನಬಹುದು. ಟ್ರ್ಯಾಮ್ ಮತ್ತು ಸೈಕಲ್ ಮಾತ್ರ ನೋಡಿಕೊಳ್ಳಿ, ಕಲ್ಲು ಹಾಸಿದ ಬೀದಿಗೆ ಮೆತ್ತನೆ ಶೂ ಹಾಕಿ.

ಊಟದ ಚಿಂತೆ ಬೇಡ. 2009ರಿಂದ ಗುರುವಾರ ಮಾಂಸ ಬಿಡಿ ಅಂತ ಜನರಿಗೆ ಹೇಳುತ್ತಾ ಬಂದ ಊರು ಅದು, ಸಸ್ಯಾಹಾರ ಸುಲಭವಾಗಿ ಸಿಗುತ್ತದೆ. ಆದರೆ ಫ್ರೈಸ್ ಬಗ್ಗೆ ಹುಷಾರು! ಅಲ್ಲಿ ಅದನ್ನು ದನದ ಕೊಬ್ಬಿನಲ್ಲಿ ಕರಿಯುವುದು ಹಳೇ ಪದ್ಧತಿ, ಕೇಳಿಯೇ ತಿನ್ನಿ. ಮೂಗಿನ ಆಕಾರದ ನೇರಳೆ ಮಿಠಾಯಿ ಗಾಡಿಗಳಲ್ಲಿ ಕಾಣುತ್ತದೆ, ಅದಕ್ಕೂ ಕೆಲವರು ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದ ಜೆಲಟಿನ್ ಹಾಕುತ್ತಾರೆ. ಅದರ ಬದಲು ಗ್ರೂಂಟೆನ್‌ಮಾರ್ಕ್ಟ್‌ನ ಟೀರೆಂಟೇನ್ ಅಂಗಡಿಯ ಸಾಸಿವೆ ಕೊಳ್ಳಿ. ಪೀಪಾಯಿಯಿಂದ ತೆಗೆದು ಜಾಡಿಗೆ ತುಂಬಿ ಕೊಡುತ್ತಾರೆ, ಖಾರ ಮೂಗಿಗೆ ಹೊಡೆಯುತ್ತದೆ. ಫ್ರಿಜ್‌ನಲ್ಲಿಡಬೇಕಾದ ಮಾಲು ಅದು. ಹಾಸನಕ್ಕೆ ತರುವ ಆಸೆ ಬಿಟ್ಟು ಮಗಳ ಮನೆಯಲ್ಲೇ ಇಟ್ಟು ಬನ್ನಿ.

– ಸಂಪಾದಕ