ಗಂಟೆ, ಕೆಂಪು ದೀಪ, ಗೇಟ್ ಎಲ್ಲ ಇದ್ದೂ ಲೆವೆಲ್ ಕ್ರಾಸಿಂಗ್‌ನಲ್ಲಿ ಬಸ್ಸಿಗೆ ರೈಲು ಗುದ್ದುವುದು ಹೇಗೆ?

ಚಾಲಕರು ಗೇಟಿನೊಳಗೆ ನುಗ್ಗಿಸಿಯೇ ಇರಬೇಕೆಂದಿಲ್ಲ. ಹಳಿ ದಾಟಿದ ಮೇಲೆ ನಿಲ್ಲಲು ಜಾಗ ಸಾಲದಿದ್ದರೂ ಸಾಕು.

ಅಮೆರಿಕದ ಇಲಿನಾಯ್ ರಾಜ್ಯದ ಫಾಕ್ಸ್ ರಿವರ್ ಗ್ರೋವ್‌ನಲ್ಲಿ 1995ರ ಅಕ್ಟೋಬರ್ 25ರ ಬೆಳಿಗ್ಗೆ ಆದದ್ದು ಇದೇ. ಶಾಲಾ ಬಸ್ ಹಳಿ ದಾಟಿ, ಮುಂದಿನ ಹೆದ್ದಾರಿಯ ಕೆಂಪು ಸಿಗ್ನಲ್‌ಗೆ ನಿಂತಿತು. ಬಸ್ಸಿನ ಉದ್ದ ಸುಮಾರು 38 ಅಡಿ. ಹಳಿಗೂ ಸಿಗ್ನಲ್ ಗೆರೆಗೂ ನಡುವೆ ಇದ್ದದ್ದು ಸುಮಾರು 30. ಹಿಂಭಾಗ ರೈಲಿನ ದಾರಿಯಲ್ಲೇ ಉಳಿಯಿತು. 7 ವಿದ್ಯಾರ್ಥಿಗಳು ಸತ್ತರು.

ರೈಲು ಹತ್ತಿರ ಬಂದಾಗ ಹಳಿ ತೆರವಾಗಲೆಂದು ರಸ್ತೆ ಸಿಗ್ನಲ್ ಹಸಿರಾಗಬೇಕು. ಅದಕ್ಕಾಗಿ ಎರಡೂ ವ್ಯವಸ್ಥೆಗಳನ್ನು ಜೋಡಿಸಿಯೂ ಇದ್ದರು. ಆದರೆ ಹಸಿರು ಬಂದದ್ದು ಡಿಕ್ಕಿಗೆ ಕೆಲವೇ ಸೆಕೆಂಡ್ ಮೊದಲು. ರೈಲ್ವೆಯವರೂ ರಸ್ತೆಯವರೂ ಸಮಯ ಸರಿಯಾಗಿ ಹೊಂದಿಸಿರಲಿಲ್ಲ. ಚಾಲಕರ ತಪ್ಪಿಗಿಂತ ಇದೇ ದೊಡ್ಡ ತಪ್ಪು ಎಂದು ನನ್ನ ಅಭಿಪ್ರಾಯ.

ಉದ್ದದ ವಾಹನ ಓಡಿಸುವವರು ಹಳಿ ಹತ್ತುವ ಮೊದಲೇ ಆಚೆ ಇಡೀ ಗಾಡಿಗೆ ಜಾಗವಿದೆಯೇ ನೋಡಬೇಕು. ಬೋಗಿ ಹಳಿಗಿಂತ ಸುಮಾರು 3 ಅಡಿ ಹೊರಗೆ ಚಾಚಿರುತ್ತದೆ, ಆದ್ದರಿಂದ ಚಕ್ರ ಹಳಿ ದಾಟಿದರಷ್ಟೇ ಸಾಲದು. ಕಾವಲಿಲ್ಲದ ಕ್ರಾಸಿಂಗ್ ಆದರೆ, ನಮ್ಮ ಮೋಟಾರು ವಾಹನ ಕಾಯ್ದೆಯ 131ನೇ ಕಲಂ ಪ್ರಕಾರ ಬಸ್ ನಿಲ್ಲಿಸಿ, ಕಂಡಕ್ಟರ್, ಕ್ಲೀನರ್ ಅಥವಾ ಬಸ್ಸಿನಲ್ಲಿರುವ ಬೇರೆ ಯಾರಾದರೂ ಇಳಿದು ಹಳಿವರೆಗೆ ನಡೆದು ನೋಡಿ ದಾಟಿಸಬೇಕು; ಯಾರೂ ಇಲ್ಲದಿದ್ದರೆ ಚಾಲಕರೇ ಇಳಿಯಬೇಕು.

ಗೇಟುಗಳ ನಡುವೆ ಸಿಕ್ಕಿಬಿದ್ದರೆ ಗೇಟ್ ಮುರಿದಾದರೂ ಮುಂದೆ ಹೋಗಿ. ಗಾಡಿ ಕೆಟ್ಟು ನಿಂತರೆ ಎಲ್ಲರನ್ನೂ ಇಳಿಸಿ, ಹಳಿಯಿಂದ ದೂರಕ್ಕೆ, ರೈಲು ಬರುತ್ತಿರುವ ದಿಕ್ಕಿಗೇ ಓರೆಯಾಗಿ ಓಡಿಸಿ. ಗುದ್ದಿದ ಬಸ್ಸಿನ ಚೂರುಗಳು ರೈಲು ಸಾಗುವ ಕಡೆಗೆ ಹಾರುತ್ತವೆ.