ಗೇಟ್‌ವೇಯವರು ದುಡ್ಡು ತಡೆಹಿಡಿದಿದ್ದಾರೆ, ಏನು ಮಾಡಲಿ?

ಕುಶಾಲನಗರದಲ್ಲಿ ಕೂತು ಹೋಂಸ್ಟೇಗಳಿಗೆ ಬುಕಿಂಗ್ ಸಾಫ್ಟ್‌ವೇರ್ ಮಾಡಿ ಮಾರುತ್ತೀರಿ. ಕೊಂಡವರು ಆನ್‌ಲೈನ್‌ನಲ್ಲಿ ಕಟ್ಟಿದ ದುಡ್ಡನ್ನು ನಿಮಗೆ ತಲುಪಿಸಬೇಕಾದ ಪೇಮೆಂಟ್ ಗೇಟ್‌ವೇಯವರು ಹನ್ನೊಂದು ದಿನದಿಂದ ಅದನ್ನು ಬಿಡುತ್ತಿಲ್ಲ, ಕೇಳಿದರೆ ‘ಅಂಡರ್ ರಿವ್ಯೂ’ ಅಂತ ಒಂದೇ ಉತ್ತರ. ಬೇರೆ ಗೇಟ್‌ವೇಗೆ ಹೋಗಲಾ, ಇಲ್ಲ ಪ್ಲೇ ಸ್ಟೋರ್‌ಗೇ ಹೋಗಿಬಿಡಲಾ ಅಂತ ಕೇಳಿದ್ದೀರಿ. ನಾನು ನಾಪೋಕ್ಲು ಕಡೆಯವಳು. ನನಗೂ ಹೀಗೇ ಆಗಿತ್ತು. 23 ದಿನ ಆದಮೇಲೆ ದುಡ್ಡು ಪೂರ್ತಿ ಬಂತು. ಹಾಗಾಗಿ ಧೈರ್ಯವಾಗಿರಿ.

ಮೊದಲು ಒಂದು ಕೆಲಸ ಮಾಡಿ. ಡ್ಯಾಶ್‌ಬೋರ್ಡ್‌ಗೆ ಇನ್ನೂ ಲಾಗಿನ್ ಆಗುತ್ತಿದ್ದರೆ ಪೇಮೆಂಟ್, ರೀಫಂಡ್, ಸೆಟ್ಲ್‌ಮೆಂಟ್ (ಗೇಟ್‌ವೇ ನಿಮ್ಮ ಖಾತೆಗೆ ಹಾಕಿದ ದುಡ್ಡು) ಪಟ್ಟಿ ಎಲ್ಲಾ ಈಗಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಖಾತೆ ಪೂರ್ತಿ ಮುಚ್ಚಿಬಿಟ್ಟರೆ ಆಮೇಲೆ ಯಾರು ಎಷ್ಟು ಕಟ್ಟಿದ್ದರು ಅನ್ನುವುದಕ್ಕೆ ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ.

ಈಗ ನನ್ನ ಕಥೆ. ನನ್ನದು ತೋಟದ ಲೆಕ್ಕದ ಆ್ಯಪ್. ಯಾರು ಎಷ್ಟು ಕೆಜಿ ಕಾಫಿ ಕುಯ್ದರು, ಶನಿವಾರದ ಬಟವಾಡೆ ಎಷ್ಟು, ಮುಂಗಡದಲ್ಲಿ ಎಷ್ಟು ಮುರಿದುಕೊಳ್ಳಬೇಕು, ಎಷ್ಟು ಇಂಚು ಎಷ್ಟು ಸೆಂಟ್ ಮಳೆ ಬಿತ್ತು, ಇಷ್ಟೇ. ಅಪ್ಪ ನೋಟ್‌ಬುಕ್‌ನಲ್ಲಿ ಬರೆಯುತ್ತಿದ್ದದ್ದನ್ನೇ ಫೋನ್‌ಗೆ ತಂದೆ. ವಾರಕ್ಕೆ ಇಬ್ಬರೋ ಮೂವರೋ ಕೊಳ್ಳುತ್ತಿದ್ದರು. ಒಂದು ಜನವರಿಯಲ್ಲಿ, ರೊಬಸ್ಟಾ ಕುಯ್ಲು ಶುರುವಾಗುವ ಹೊತ್ತಿಗೆ, ಬೆಳೆಗಾರರ ವಾಟ್ಸ್ಯಾಪ್ ಗುಂಪೊಂದರಲ್ಲಿ ಯಾರೋ ಲಿಂಕ್ ಹಾಕಿದರು. ಒಂದೇ ಸಂಜೆ 43 ಜನ ತಲಾ 1,200 ರೂಪಾಯಿ ಕಟ್ಟಿದರು. ಅವತ್ತು ರಾತ್ರಿ ಸಂತೋಷಕ್ಕೆ ನಿದ್ದೆ ಬರಲಿಲ್ಲ. ಮಾರನೇ ದಿನ ಬೆಳಿಗ್ಗೆ ಮೇಲ್: ಸೆಟ್ಲ್‌ಮೆಂಟ್ ನಿಲ್ಲಿಸಲಾಗಿದೆ.

ಪ್ರತಿ 1,200ಕ್ಕೆ ಗೇಟ್‌ವೇಯ ಶೇ 2 ಕಮಿಷನ್ ಅಂದರೆ 24 ರೂಪಾಯಿ, ಅದರ ಮೇಲೆ ಶೇ 18 ಜಿಎಸ್‌ಟಿ, ಒಟ್ಟು 28.32. ಅದನ್ನೆಲ್ಲ ಕಳೆದು ನನಗೆ ಬರಬೇಕಿದ್ದದ್ದು 50,382 ರೂಪಾಯಿ. ಆ ದುಡ್ಡಿನಲ್ಲಿ ಸರ್ವರ್ ಬಾಡಿಗೆ ಕಟ್ಟಬೇಕಿತ್ತು. ಮೊದಲ ನಾಲ್ಕು ದಿನ ನಾನು ಬರೀ ಸಿಟ್ಟಿನ ಮೇಲ್ ಬರೆದೆ. ಪ್ರತಿ ಸಲವೂ ಅದೇ ಸಿದ್ಧ ಉತ್ತರ ಬಂತು. ಐದನೇ ದಿನ ಕೂತು, ಅವರ ಜಾಗದಲ್ಲಿ ನಿಂತು ಯೋಚಿಸಿದೆ.

ಅವರ ಭಯ ಏನು ಗೊತ್ತಾ? ಕಾರ್ಡ್‌ನಲ್ಲಿ ಕಟ್ಟಿದವರು ತಿಂಗಳು ಕಳೆದ ಮೇಲೂ ‘ನನಗೆ ಏನೂ ಬಂದಿಲ್ಲ’ ಅಂತ ತಮ್ಮ ಬ್ಯಾಂಕ್‌ಗೆ ತಕರಾರು ಹಾಕಬಹುದು. ಇದಕ್ಕೆ ಚಾರ್ಜ್‌ಬ್ಯಾಕ್ ಅನ್ನುತ್ತಾರೆ. ಅಷ್ಟು ಹೊತ್ತಿಗೆ ಮಾರಿದವರು ದುಡ್ಡು ತೆಗೆದುಕೊಂಡು ಮಾಯವಾಗಿದ್ದರೆ ನಷ್ಟ ಗೇಟ್‌ವೇ ತಲೆಗೆ ಬರುತ್ತದೆ. ಹಾಗಾಗಿ ವಾರಕ್ಕೆ ಮೂರು ಮಾರುವ ಅಂಗಡಿ ಒಂದೇ ಸಂಜೆ 43 ಮಾರಿದರೆ ಅವರ ಕಂಪ್ಯೂಟರ್ ತಾನಾಗಿಯೇ ತಡೆಯುತ್ತದೆ. ಕುಯ್ಲಿನ ಕಾಲದಲ್ಲಿ ಎಲ್ಲರಿಗೂ ಒಟ್ಟಿಗೇ ಲೆಕ್ಕದ ಪುಸ್ತಕ ಬೇಕಾಗುತ್ತದೆ ಅಂತ ಆ ಕಂಪ್ಯೂಟರ್‌ಗೆ ಹೇಗೆ ಗೊತ್ತಾಗಬೇಕು?

ಆದರೆ ನನ್ನ ಖಾತೆಯಲ್ಲಿ ಸಿಕ್ಕಿಕೊಂಡಿದ್ದ ನಿಜವಾದ ಮುಳ್ಳು ಬೇರೆ. ಫೋನ್‌ನಲ್ಲಿ ಕೊನೆಗೂ ಸಿಕ್ಕ ಒಬ್ಬರು ಪಾಪ, ಬಾಯಿ ಬಿಟ್ಟು ಹೇಳಿದರು. ನನ್ನ ಸೈಟ್‌ನ ಮೊದಲ ಪುಟದಲ್ಲಿ ಆ ದಿನದ ಕಾಫಿ, ಮೆಣಸಿನ ದರ ಹಾಕಿದ್ದೆ. ಬೆಳೆಗಾರರಿಗೆ ಅನುಕೂಲ ಆಗಲಿ ಅಂತ ಅಷ್ಟೇ. ರಿವ್ಯೂ ಮಾಡಿದವರು ಅದನ್ನು ನೋಡಿ ಇದು ಕಮಾಡಿಟಿ ವ್ಯಾಪಾರದ ಟಿಪ್ಸ್ ಮಾರುವ ಸೈಟ್ ಅಂದುಕೊಂಡಿದ್ದರು!

ಇಲ್ಲೇ ನಿಮ್ಮ ವಿಷಯ ಬರುತ್ತದೆ. ಪ್ರತಿ ವ್ಯಾಪಾರಿಗೂ ನಾಲ್ಕು ಅಂಕಿಯ ಒಂದು ಕೋಡ್ ಕೊಟ್ಟಿರುತ್ತಾರೆ, ಎಂಸಿಸಿ ಅಂತ. 7372 ಅಂದರೆ ಕಂಪ್ಯೂಟರ್ ಪ್ರೋಗ್ರಾಮಿಂಗ್. 4722 ಅಂದರೆ ಟ್ರಾವೆಲ್ ಏಜೆನ್ಸಿ. ಪ್ರವಾಸದ ವ್ಯಾಪಾರ ಅಂದರೆ ಅವರಿಗೆ ಭಯ ಜಾಸ್ತಿ, ಯಾಕೆಂದರೆ ದುಡ್ಡು ಮೊದಲು ಕಟ್ಟುತ್ತಾರೆ, ರೂಮು ಆಮೇಲೆ ಸಿಗುತ್ತದೆ. ನಿಮ್ಮ ಸೈಟ್ ತೆರೆದರೆ ಮೊದಲು ಕಾಣುವುದೇ ಮಂಜು, ತೋಟ, ಮಂಚ, ‘ಬುಕ್ ನೌ’ ಅಂತ ಬರೆದಿದ್ದೀರಿ. ಹೊರಗಿನವರು ನೋಡಿದರೆ ನೀವೇ ರೂಮು ಕೊಡುತ್ತೀರಿ ಅಂದುಕೊಳ್ಳುತ್ತಾರೆ ಅಲ್ವಾ? ನಿಮ್ಮನ್ನು 4722ರ ಜೊತೆ ನೋಡುತ್ತಿದ್ದಾರೆ ಅಂತ ನನ್ನ ಬಲವಾದ ಅನುಮಾನ. ‘ಹೋಂಸ್ಟೇ ಮಾಲೀಕರಿಗೆ ಸಾಫ್ಟ್‌ವೇರ್. ಪ್ರವಾಸಿಗರಿಂದ ನಾವು ಹಣ ತೆಗೆದುಕೊಳ್ಳುವುದಿಲ್ಲ’ ಅನ್ನುವ ಸಾಲು ಮೊದಲ ಪುಟದ ಮೇಲೆಯೇ ಇರಲಿ. ರೀಫಂಡ್, ನಿಯಮಗಳು, ಸಂಪರ್ಕದ ವಿಳಾಸ ಇವುಗಳ ಪುಟವೂ ಇರಬೇಕು. ಬೆಲೆ ರೂಪಾಯಿಯಲ್ಲಿ ಕಾಣಬೇಕು.

ಆಮೇಲೆ ಮೇಲ್. ನಾನು ಬರೆದದ್ದು ಐದೇ ಸಾಲು. ಏನು ಮಾರುತ್ತೇನೆ, ಯಾರಿಗೆ, ಒಂದೇ ಸಂಜೆ ಯಾಕೆ ಅಷ್ಟು ಪೇಮೆಂಟ್ ಬಂತು, ದರದ ಪುಟ ತೆಗೆದಿದ್ದೇನೆ, ದಾಖಲೆ ಜೊತೆಗಿದೆ. ಅದಕ್ಕೆ ಒಂದೇ ಪಿಡಿಎಫ್ ಜೋಡಿಸಿದೆ. 43 ಬಿಲ್, ಪ್ರತಿಯೊಬ್ಬರೂ ದುಡ್ಡು ಕಟ್ಟಿದ ಮೇಲೆ ಯಾವಾಗ ಲಾಗಿನ್ ಆದರು, ಎಷ್ಟು ದಿನದ ಬಟವಾಡೆ ಲೆಕ್ಕ ಬರೆದರು ಅನ್ನುವ ಪಟ್ಟಿ. ಹೆಸರು, ಫೋನ್ ನಂಬರ್ ಅರ್ಧ ಮುಚ್ಚಿದ್ದೆ. ಈ ಪಟ್ಟಿಯೇ ಕೆಲಸ ಮಾಡಿದ್ದು. ಕೊಂಡವರು ಬಳಸುತ್ತಿದ್ದಾರೆ ಅಂತ ಕಂಡರೆ ತಕರಾರಿನ ಭಯ ಅರ್ಧ ಹೋಗುತ್ತದೆ.

ಇನ್ನೊಂದು ಸಣ್ಣ ವಿಷಯ, ನಮ್ಮ ಕಡೆಯವರಿಗೆ ಇದು ತುಂಬಾ ಕಾಡುತ್ತದೆ. ಪ್ಯಾನ್‌ನಲ್ಲಿ ನನ್ನ ಮನೆ ಹೆಸರು ಪೂರ್ತಿ ಇದೆ, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಬರೀ ಇನಿಶಿಯಲ್. ಅದಕ್ಕೇ ಒಂದು ವಾರ ಹೋಯಿತು. ವಿಳಾಸದಲ್ಲಿ ತೋಟದ ಹೆಸರು ಮತ್ತು ಅಂಚೆ ಬಿಟ್ಟರೆ ಮನೆ ನಂಬರ್ ಇಲ್ಲ. ಪರಿಶೀಲನೆಗೆ ಬಂದವರು ಬಸ್ ಸ್ಟ್ಯಾಂಡ್‌ನಿಂದಲೇ ಫೋನ್ ಮಾಡಿದರು, ನಾನೇ ಹೋಗಿ ಕರೆದುಕೊಂಡು ಬಂದೆ. ಹೆಸರು ಎಲ್ಲ ಕಡೆ ಒಂದೇ ಥರ ಮಾಡಿಸಿಕೊಳ್ಳಿ. ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಉಚಿತ, ಅದನ್ನು ಮಾಡಿಸಿ ಕರೆಂಟ್ ಅಕೌಂಟ್ ತೆರೆಯಿರಿ.

ನಿಮ್ಮ ಹಕ್ಕೂ ತಿಳಿದಿರಲಿ. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಕೊಂಡವರ ದುಡ್ಡು ಬ್ಯಾಂಕ್‌ನ ಎಸ್ಕ್ರೋ ಖಾತೆಯಲ್ಲಿ, ಅಂದರೆ ಆ ದುಡ್ಡಿಗಾಗಿಯೇ ಪ್ರತ್ಯೇಕವಾಗಿಟ್ಟ ಖಾತೆಯಲ್ಲಿ, ಇರಬೇಕು. ಗೇಟ್‌ವೇ ಅದನ್ನು ತನ್ನ ಖರ್ಚಿಗೆ ಬಳಸುವಂತಿಲ್ಲ. ದೂರು ನೋಡುವ ನೋಡಲ್ ಅಧಿಕಾರಿಯನ್ನೂ ನೇಮಿಸಿರಬೇಕು. ಚಾಟ್‌ನಲ್ಲಿ ದಿನಗಟ್ಟಲೆ ಸುಮ್ನೆ ಕಾಯಬೇಡಿ, ಟಿಕೆಟ್ ನಂಬರ್ ಹಾಕಿ ನೇರ ಆ ಅಧಿಕಾರಿಗೆ ಬರೆಯಿರಿ. ನನ್ನ ಪಿಡಿಎಫ್ ಅಲ್ಲಿಗೆ ಹೋದ ಮೇಲೆಯೇ ಉತ್ತರ ಮನುಷ್ಯರು ಬರೆದ ಹಾಗೆ ಬಂತು.

ಪ್ಲೇ ಸ್ಟೋರ್ ಬಗ್ಗೆ: ವರ್ಷಕ್ಕೆ ಮೊದಲ 10 ಲಕ್ಷ ಡಾಲರ್‌ವರೆಗೆ ಅವರ ಸಾಮಾನ್ಯ ಪಾಲು ಶೇ 15. ನನ್ನ 1,200ರಲ್ಲಿ 180 ಹೋಗುತ್ತದೆ. 28 ಎಲ್ಲಿ, 180 ಎಲ್ಲಿ! ನಾನಂತೂ ಹೋಗಲಿಲ್ಲ. ಬೇರೆ ಗೇಟ್‌ವೇ ಒಂದು ಖಂಡಿತ ಇರಲಿ, ಆದರೆ ಈ ಜಗಳ ಮುಗಿಯುವ ಮೊದಲೇ ಅರ್ಜಿ ಹಾಕಿ, ಯಾಕೆಂದರೆ ಅವರ ಪರಿಶೀಲನೆಗೂ ದಿನ ಹಿಡಿಯುತ್ತದೆ. ಅಲ್ಲಿಯವರೆಗೆ ಕರೆಂಟ್ ಅಕೌಂಟ್‌ನ ಯುಪಿಐ ಕ್ಯೂಆರ್ ಸಾಕು. ಕೊಂಡವರು ಕಳಿಸುವ 12 ಅಂಕಿಯ ರೆಫರೆನ್ಸ್ ನಂಬರ್ ಅನ್ನು ಬ್ಯಾಂಕ್ ಆ್ಯಪ್‌ನಲ್ಲಿ ಕೈಯಾರೆ ತಾಳೆ ನೋಡಬೇಕು, ಬರೀ ಸ್ಕ್ರೀನ್‌ಶಾಟ್ ನಂಬಬೇಡಿ. ತಿಂಗಳ ಚಂದಾ ಬದಲು ವರ್ಷದ ಚಂದಾ ಇಟ್ಟರೆ ತಲೆನೋವು ಕಡಿಮೆ. 2021ರ ಅಕ್ಟೋಬರ್ 1ರಿಂದ ಕಾರ್ಡ್‌ನ ಆಟೊ ಡೆಬಿಟ್‌ಗೆ ಹೊಸ ನಿಯಮ ಬಂದಾಗ ನನ್ನ ತಿಂಗಳ ಚಂದಾದಾರರಲ್ಲಿ ಬಹಳ ಮಂದಿಯ ಪೇಮೆಂಟ್ ಒಂದೇ ಸಲ ನಿಂತುಹೋಯಿತು.

ಕೊಂಡವರಿಗೆ ಇವತ್ತೇ ಒಂದು ಮೆಸೇಜ್ ಹಾಕಿ. ನಿಮ್ಮ ಸೇವೆ ನಿಲ್ಲುವುದಿಲ್ಲ, ಗೇಟ್‌ವೇಯಲ್ಲಿ ಪರಿಶೀಲನೆ ನಡೆದಿದೆ, ಏನೇ ಇದ್ದರೂ ನನಗೇ ಫೋನ್ ಮಾಡಿ ಅಂತ. ಈ ಹೊತ್ತಲ್ಲಿ ಒಬ್ಬರು ಗಾಬರಿಯಾಗಿ ಬ್ಯಾಂಕ್‌ಗೆ ತಕರಾರು ಹಾಕಿದರೂ ನಿಮ್ಮ ಕೇಸು ಹಾಳು. ನಾನು ಹಾಗೆ ಬರೆದಾಗ ಸಿದ್ದಾಪುರದ ಒಬ್ಬ ಹಿರಿಯರು ಫೋನ್ ಮಾಡಿ, ‘ಕಷ್ಟ ಇದ್ದರೆ ಮುಂದಿನ ವರ್ಷದ್ದೂ ಈಗಲೇ ಕಳಿಸಲಾ ಮಗಳೇ’ ಅಂದರು. ಬೇಡ ಅಂದೆ. ಫೋನ್ ಇಟ್ಟಮೇಲೆ ಸ್ವಲ್ಪ ಹೊತ್ತು ಮಾತೇ ಹೊರಡಲಿಲ್ಲ.

ಮೊದಲ ಪುಟ ಬದಲಿಸಿ, ಮೇಲ್‌ನ ಕರಡನ್ನು ಇಲ್ಲೇ ಕೆಳಗೆ ಹಾಕಿ. ಖಾತೆ ನಂಬರ್ ಮಾತ್ರ ತೆಗೆದುಹಾಕಿ. ರಾತ್ರಿ ಒಂಬತ್ತರ ಮೇಲೆ, ಕರೆಂಟ್ ಇದ್ದರೆ, ಓದಿ ತಿದ್ದಿ ಕೊಡುತ್ತೇನೆ.