ಆಟಗಾರನ ಗ್ರೇಡ್‌ಗಳು ಕೈಗೆ ಸಿಕ್ಕಿವೆ, ಪ್ರಕಟಿಸಬಹುದೇ? – ಪ್ರತಿಕ್ರಿಯೆ

ಕಾಲೇಜು ಆಟಗಾರನೊಬ್ಬನ ಗ್ರೇಡ್‌ಗಳ ಸ್ಕ್ರೀನ್‌ಶಾಟ್ ಅನ್ನು ಸಹಾಯಕ ಕೋಚ್ ಕಳಿಸಿದ್ದಾರೆ, ಅದನ್ನು ಪ್ರಕಟಿಸಬಹುದೇ ಎಂದು ವರದಿಗಾರರಾದ ನೀವು ಕೇಳಿದ್ದೀರಿ. ನಿಮ್ಮ ಗೊಂದಲಕ್ಕೆ ಕಾರಣ, ಕಾನೂನಿನ ಪ್ರಶ್ನೆ ಮತ್ತು ನೀತಿಯ ಪ್ರಶ್ನೆ ಕಲಸಿಹೋಗಿರುವುದು. ವಿದ್ಯಾರ್ಥಿಗಳ ಶೈಕ್ಷಣಿಕ ದಾಖಲೆಗಳ ಗೋಪ್ಯತೆ ಕಾಯುವ ಅಮೆರಿಕದ ಫೆರ್ಪಾ ಕಾಯ್ದೆ (1974) ಫೆಡರಲ್ ಹಣ ಪಡೆಯುವ ಕಾಲೇಜನ್ನು ಕಟ್ಟಿಹಾಕುತ್ತದೆ, ವರದಿಗಾರರನ್ನಲ್ಲ. ಹಾಗಾಗಿ ಸಹಾಯಕ ಕೋಚ್ ಕಳಿಸಿದ ಸ್ಕ್ರೀನ್‌ಶಾಟ್ ಹಾಕಿದರೆ ಆ ಕಾಯ್ದೆ ನಿಮ್ಮನ್ನು ಹಿಡಿಯುವುದಿಲ್ಲ. ಆದರೂ ಹಾಕಬೇಡಿ.

ಮೊದಲು, ಅದನ್ನು ಕಳಿಸಿದ್ದೇಕೆ ಎಂದು ಆ ಕೋಚ್‌ರನ್ನೇ ನೇರವಾಗಿ ಕೇಳಿ. ಹುಡುಗನನ್ನು ತಂಡದಿಂದ ಹೊರದಬ್ಬುವ ಮುನ್ನ ಹೆಸರು ಕೆಡಿಸುವ ಉದ್ದೇಶವೂ ಇರಬಹುದು.

ನಂತರ ಕ್ರೀಡಾ ವಿಭಾಗದ ಮಾಧ್ಯಮ ಅಧಿಕಾರಿಗೆ ಒಂದೇ ಪ್ರಶ್ನೆ ಹಾಕಿ: ಶನಿವಾರದ ಪಂದ್ಯಕ್ಕೆ ಅವನು ಲಭ್ಯನೇ? ಉತ್ತರ "ಇಲ್ಲ" ಎಂದಾದರೆ ಅದೇ ಸುದ್ದಿ. ಕಾರಣ ಹೇಳಲು ಅವರು ಒಪ್ಪದಿರಬಹುದು. ಆಗ ಊಹಿಸಿ ತುಂಬಬೇಡಿ.

ಆಟಗಾರನನ್ನು ನೀವೇ ಸಂಪರ್ಕಿಸಿ, ಕೋಚ್ ಮೂಲಕ ಬೇಡ. ಉತ್ತರಿಸಲು ಕನಿಷ್ಠ ಒಂದು ದಿನ ಕೊಡಿ. 19ರ ಹುಡುಗನ ಹೆಸರಿನ ಪಕ್ಕ "ಫೇಲ್" ಎಂದು ಒಮ್ಮೆ ಅಚ್ಚಾದರೆ ಕೆಲಸ ಕೊಡುವವರು ಹುಡುಕಿದಾಗಲೆಲ್ಲ ಅದೇ ಮೇಲೆ ಬರುತ್ತದೆ. ಆ ಪದವೇ ತಪ್ಪಾಗಿರುವ ಸಾಧ್ಯತೆಯೂ ಇದೆ: ಅಮೆರಿಕದ ಕಾಲೇಜು ಕ್ರೀಡಾ ಸಂಸ್ಥೆ ಎನ್‌ಸಿಎಎಯ ಮೇಲಿನ ಹಂತವಾದ ಡಿವಿಷನ್ 1ರಲ್ಲಿ ಆಡುವ ಅರ್ಹತೆ ಉಳಿಯಲು ಪ್ರತಿ ಟರ್ಮ್‌ಗೆ ಕನಿಷ್ಠ 6 ಕ್ರೆಡಿಟ್ ಗಳಿಸಬೇಕು. ಕಾಯಿಲೆಯಿಂದ ಕೋರ್ಸ್‌ಗಳನ್ನು ಕೈಬಿಟ್ಟವನೂ ಅದರಲ್ಲಿ ಸಿಕ್ಕಿಬೀಳುತ್ತಾನೆ.

ತಪ್ಪು ಸಂಸ್ಥೆಯದಾಗಿದ್ದರೆ ಮಾತು ಬೇರೆ. ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ಪಾಠವೇ ನಡೆಯದ "ಕಾಗದದ ತರಗತಿ"ಗಳು ವರ್ಷಗಟ್ಟಲೆ ನಡೆದದ್ದನ್ನು 2014ರ ತನಿಖಾ ವರದಿ ಬಿಚ್ಚಿಟ್ಟಿತು. ಅಂಥದ್ದರ ವಾಸನೆ ಬಂದರೆ ಗ್ರೇಡ್‌ಗಳನ್ನು ಪುರಾವೆಯಾಗಿ ಇಟ್ಟುಕೊಳ್ಳಿ, ವಿದ್ಯಾರ್ಥಿಗಳ ಹೆಸರು ತೆಗೆದು ಬರೆಯಿರಿ.